ಶ್ರೀನಾಥ್ ಆಗಬೇಕೆನ್ನುವ ಹುಡುಗನ ಸೊಂಟನೋವು

ಪ್ರಶ್ನೆ: ನಮ್ಮ ಹುಡುಗನಿಗೆ ಈಗ 15 ತುಂಬಿದೆ. ಗದಗದಲ್ಲಿ ಒಂಬತ್ತನೇ ಕ್ಲಾಸು. ಐದಡಿ ಎಂಟಿಂಚು ಎತ್ತರ, 50 ಕೆ.ಜಿ. ತೂಕ, ಬಲಗೈ ವೇಗದ ಬೌಲರ್. ಜಾವಗಲ್ ಶ್ರೀನಾಥ್ ಅಂದ್ರ ಅವನಿಗೆ ಪ್ರಾಣ. ಹಳೇ ವಿಡಿಯೊ ನೋಡಿ ಅವರ ಹಾಂಗ ಓಡಿ ಬರ್ತಾನ. ಎರಡು ತಿಂಗಳಿಂದ ಸೊಂಟದ ಎಡಗಡೆ ನೋವು ಅಂತಾನ. ಒಬ್ಬ ಕೋಚ್ ಆಕ್ಷನ್ ಬದಲಿಸು ಅಂತಾರ, ಇನ್ನೊಬ್ಬರು ಮುಟ್ಟಬ್ಯಾಡ್ರಿ ಅಂತಾರ. ನಾವು ಮಾಂಸ ತಿನ್ನೋ ಮಂದಿ ಅಲ್ಲ. ಶ್ರೀನಾಥ್ ಅಷ್ಟು ವರ್ಷ ಹ್ಯಾಂಗ ಆಡಿದ್ರು? ಓದು ಬಿಡಿಸಿ ಬೆಂಗಳೂರಿಗೆ ಕಳಿಸಬೇಕೇನು?

ಉತ್ತರ: ಶ್ರೀನಾಥ್ ವಿಷಯ ಆಮೇಲೆ. ಮೊದಲು ಆ ಎಡಗಡೆಯ ನೋವು.

ಬಲಗೈ ವೇಗಿಗೆ ಸೊಂಟದ ಎಡಭಾಗದಲ್ಲಿ, ಬೆನ್ನುಮೂಳೆಯಿಂದ ಒಂದೆರಡು ಬೆರಳು ಆಚೆ, ಒಂದೇ ಜಾಗದಲ್ಲಿ ನೋವು ಕೂತಿದ್ದರೆ ಅದನ್ನು ಸ್ನಾಯು ಹಿಡಿದದ್ದು ಎಂದು ಎಣ್ಣೆ ತಿಕ್ಕಿ ಬಿಡುವಂತಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹುಡುಗ ಎಡಗಾಲ ಮೇಲೆ ಒಂಟಿಯಾಗಿ ನಿಂತು ನಿಧಾನವಾಗಿ ಹಿಂದಕ್ಕೆ ಬಾಗಲಿ. ಬಲಗಾಲ ಮೇಲೆ ನಿಂತು ಬಾಗಿದಾಗ ಸುಮ್ಮನಿದ್ದು ಎಡಗಾಲ ಮೇಲೆ ಬಾಗಿದಾಗ ಚುಚ್ಚಿದರೆ, ಕೆಳಬೆನ್ನಿನ ನಾಲ್ಕನೆಯ ಅಥವಾ ಐದನೆಯ ಕಶೇರುವಿನಲ್ಲಿ (ಬೆನ್ನೆಲುಬಿನ ಮಣಿಯಲ್ಲಿ) ಒತ್ತಡದ ಬಿರುಕು ಶುರುವಾಗಿರುವ ಸಂಶಯ ಬಲವಾಗುತ್ತದೆ. ಚುಚ್ಚದಿದ್ದರೂ ಎರಡು ತಿಂಗಳ ನೋವು ಸಣ್ಣದಲ್ಲ. ಇವತ್ತಿನಿಂದ ಬೌಲಿಂಗ್ ನಿಲ್ಲಿಸಿ. ಟೆನಿಸ್ ಬಾಲ್ ಕೂಡ ಬೇಡ. ಮೂಳೆ ತಜ್ಞರಿಗೆ ತೋರಿಸಿ, 'ಹುಡುಗ ವೇಗದ ಬೌಲರ್' ಎಂದು ಬಾಯಿಬಿಟ್ಟು ಹೇಳಿ. ಆರಂಭದ ಬಿರುಕು ಸಾಮಾನ್ಯ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂ.ಆರ್.ಐ.ಯಲ್ಲಿ ಕಾಣುತ್ತದೆ. ಎಕ್ಸ್-ರೇ ಸರಿ ಇದೆ ಎಂದು ಮರುವಾರವೇ ನೆಟ್ಸ್‌ಗೆ ಕಳಿಸಿದ ಮೇಲೆಯೇ ಕೂದಲೆಳೆಯಂಥ ಬಿರುಕು ಪೂರ್ತಿ ಒಡೆಯುವುದು. ಬೇಗ ಹಿಡಿದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಮೂಳೆ ಕೂಡುತ್ತದೆ. ಒಂದು ಸೀಸನ್ ಹೋಯಿತು ಎನ್ನಿಸಬಹುದು. ಹುಡುಗನಿಗೆ 15, ಹೋಗಲಿ.

ಈಗ ಶ್ರೀನಾಥ್. 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315. ಏಕದಿನದಲ್ಲಿ 300 ದಾಟಿದ ಭಾರತದ ವೇಗಿ ಇವತ್ತಿಗೂ ಅವರೊಬ್ಬರೇ. ಆದರೆ ನಿಮ್ಮ ಮನೆಗೆ ಉಪಯೋಗಕ್ಕೆ ಬರುವುದು ಈ ಮೊತ್ತಗಳಲ್ಲ, ಅವು ಕೂಡಿಬಂದ ಬಗೆ.

1969ರ ಆಗಸ್ಟ್ 31ರಂದು ಮೈಸೂರಿನಲ್ಲಿ ಹುಟ್ಟಿದವರು ಅವರು. ಹೆಸರಿನಲ್ಲಿರುವ ಜಾವಗಲ್ ಹಾಸನ ಜಿಲ್ಲೆಯ ಊರು. ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಲೇ ಆಡಿದರು. ಕರ್ನಾಟಕಕ್ಕೆ ಮೊದಲ ರಣಜಿ ಪಂದ್ಯ 1989-90ರಲ್ಲಿ, ಹೈದರಾಬಾದ್ ವಿರುದ್ಧ, 20ನೆಯ ವಯಸ್ಸಿನಲ್ಲಿ. ಆ ಪಂದ್ಯದಲ್ಲೇ ಹ್ಯಾಟ್ರಿಕ್. ಮೊದಲ ಟೆಸ್ಟ್ 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ, 22ನೆಯ ವಯಸ್ಸಿನಲ್ಲಿ. ಅಂದರೆ ನಿಮ್ಮ ಮಗ ಇವತ್ತು ಇರುವ ವಯಸ್ಸಿನಿಂದ ಶ್ರೀನಾಥರ ರಣಜಿ ಪಂದ್ಯಕ್ಕೆ ಇನ್ನೂ ಐದು ವರ್ಷ. ಓದು ಬಿಡಿಸಬೇಕೆ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಅಲ್ಲಿಂದ ಮುಂದೆ ಮೂರು ವರ್ಷ ಅವರು ಹೆಚ್ಚಾಗಿ ಬೆಂಚಿನ ಮೇಲೆಯೇ ಕಳೆದರು. ಭಾರತದಲ್ಲಿ ಟೆಸ್ಟ್ ನಡೆದರೆ ದಾಳಿ ಸ್ಪಿನ್ನರ್‌ಗಳಾದ ಕುಂಬ್ಳೆ, ರಾಜು, ಚೌಹಾಣ್‌ರದು. ಹೊಸ ಚೆಂಡಿಗೆ ಕಪಿಲ್ ದೇವ್ ಮತ್ತು ಪ್ರಭಾಕರ್. ನ್ಯೂಜಿಲೆಂಡ್‌ನ ಹ್ಯಾಡ್ಲಿಯ 431 ಟೆಸ್ಟ್ ವಿಕೆಟ್‌ಗಳ ದಾಖಲೆಯನ್ನು ಕಪಿಲ್ 1994ರ ಫೆಬ್ರವರಿಯಲ್ಲಿ ದಾಟಿದರು, ಮರುತಿಂಗಳು ಕೊನೆಯ ಟೆಸ್ಟ್ ಆಡಿದರು. ಶ್ರೀನಾಥರಿಗೆ ತವರಿನ ಮೊದಲ ಟೆಸ್ಟ್ ಸಿಕ್ಕಿದ್ದು ಆ ವರ್ಷದ ನವೆಂಬರ್‌ನಲ್ಲಿ, ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಐದು ವಿಕೆಟ್ ತೆಗೆದು 60 ರನ್ ಹೊಡೆದು ಪಂದ್ಯಪುರುಷರಾದರು. 22ರಿಂದ 25, ವೇಗಿಯೊಬ್ಬನ ಅತಿ ಚುರುಕಿನ ಮೂರು ವರ್ಷ ಹೀಗೆ ಸೋರಿಹೋದವು ಎಂದು ಅಭಿಮಾನಿಗಳು ಈಗಲೂ ಗೊಣಗುತ್ತಾರೆ. ನ್ಯಾಯವೇ. ಆದರೆ ಅವರ ವೃತ್ತಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಆಡದ ಆ ಮೂರು ವರ್ಷಗಳಲ್ಲ, ಬಿಡುವಿಲ್ಲದೆ ಆಡಿದ ಮುಂದಿನ ಎರಡು ವರ್ಷಗಳು ಎಂದೇ ಹೇಳಬೇಕು.

1995ರಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡ್ ಪ್ರವಾಸದಲ್ಲಿದ್ದದ್ದರಿಂದ ಅಲ್ಲಿನ ದೇಶೀ ತಂಡವಾದ ಗ್ಲಾಸ್ಟರ್‌ಶೈರ್ ಕೌಂಟಿಗೆ ತನ್ನ ವೆಸ್ಟ್ ಇಂಡೀಸ್ ವೇಗಿ ಕರ್ಟ್ನಿ ವಾಲ್ಶ್ ಸಿಗಲಿಲ್ಲ. ಆ ಜಾಗಕ್ಕೆ ಶ್ರೀನಾಥ್ ಹೋದರು. ಒಂದೇ ಸೀಸನ್‌ನಲ್ಲಿ 87 ವಿಕೆಟ್, ಗ್ಲಾಮೋರ್ಗನ್ ವಿರುದ್ಧ ಒಂದು ಇನಿಂಗ್ಸ್‌ನಲ್ಲಿ 76 ರನ್ನಿಗೆ 9 ವಿಕೆಟ್. ಕೌಂಟಿಯಲ್ಲಿ 87 ವಿಕೆಟ್ ಎಂದರೆ ಬೇಸಿಗೆಯುದ್ದಕ್ಕೂ ನೂರಾರು ಓವರ್. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ 1996 ಬಂತು: ಫೆಬ್ರವರಿ-ಮಾರ್ಚ್‌ನಲ್ಲಿ ವಿಶ್ವಕಪ್, ಆಮೇಲೆ ಇಂಗ್ಲೆಂಡ್ ಪ್ರವಾಸ, ಟೊರಾಂಟೊದಲ್ಲಿ ಏಕದಿನ ಸರಣಿ, ಟೈಟನ್ ಕಪ್ ಏಕದಿನ ಟೂರ್ನಿ, ದಕ್ಷಿಣ ಆಫ್ರಿಕಾ ಎದುರು ಇಲ್ಲಿ ಮೂರು ಟೆಸ್ಟ್, ಅಲ್ಲಿ ಮೂರು ಟೆಸ್ಟ್. ಅವರ ಅತ್ಯುತ್ತಮ ಬೌಲಿಂಗ್ ಕಂಡದ್ದು ಆಗಲೇ, ಭುಜ ಸವೆದದ್ದೂ ಆಗಲೇ. 1997ರ ಆರಂಭದಲ್ಲಿ ಬಲಭುಜದ ರೊಟೇಟರ್ ಕಫ್ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಮೈದಾನದಿಂದ ಹೊರಗೆ.

ರೊಟೇಟರ್ ಕಫ್ ಎಂದರೆ ಭುಜದ ಕೀಲನ್ನು ಸುತ್ತುವರಿದ ನಾಲ್ಕು ಸಣ್ಣ ಸ್ನಾಯುಗಳು. ಚೆಂಡನ್ನು ಎಸೆಯುವ ಬಲ ಎದೆ, ಬೆನ್ನಿನ ದೊಡ್ಡ ಸ್ನಾಯುಗಳದು. ಚೆಂಡು ಬಿಟ್ಟ ಮೇಲೆ ಹಾರಿಹೋಗುವ ತೋಳಿಗೆ ಬ್ರೇಕ್ ಹಾಕುವುದು ಈ ಸಣ್ಣವು. ಟ್ರ್ಯಾಕ್ಟರ್ ಇಂಜಿನ್‌ಗೆ ಸೈಕಲ್ ಬ್ರೇಕ್ ಇದ್ದಂತೆ. ನಮ್ಮ ಹುಡುಗರು ಜಿಮ್‌ಗೆ ಹೋದರೆ ಎದೆ ಮತ್ತು ತೋಳು ಬೆಳೆಸುತ್ತಾರೆ, ಅಂದರೆ ಇಂಜಿನ್ ಇನ್ನೂ ದೊಡ್ಡದು ಮಾಡುತ್ತಾರೆ. ನಿಮ್ಮ ಮಗ ಮಾಡಬೇಕಾದದ್ದು ಬೇರೆ. ರಬ್ಬರ್ ಬ್ಯಾಂಡನ್ನು ಬಾಗಿಲ ಹಿಡಿಕೆಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಹೊಟ್ಟೆಯಿಂದ ಹೊರಕ್ಕೆ ನಿಧಾನ ತಿರುಗಿಸಬೇಕು. 15ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಹೊರಕ್ಕೆ ಎಳೆಯುವಾಗ ಒಂದು ಎಣಿಕೆ, ಒಳಕ್ಕೆ ಬಿಡುವಾಗ ಮೂರು ಎಣಿಕೆ. ಬ್ರೇಕ್ ಬಲಗೊಳ್ಳುವುದು ಆ ಮೂರು ಎಣಿಕೆಯಲ್ಲಿ. ಬೆನ್ನಿನ ವಿಶ್ರಾಂತಿಯ ತಿಂಗಳುಗಳಲ್ಲೂ ವೈದ್ಯರನ್ನು ಕೇಳಿಕೊಂಡು ಇದನ್ನು ಮಾಡಬಹುದು.

ಇನ್ನು ಆಕ್ಷನ್ ಜಗಳ. ಇಬ್ಬರು ಕೋಚ್‌ಗಳೂ ಅರ್ಧರ್ಧ ಸರಿ. ಪಕ್ಕಕ್ಕೆ ತಿರುಗಿ ಬೌಲ್ ಮಾಡುವುದು ಒಂದು ರೀತಿ, ಎದೆ ಬ್ಯಾಟ್ಸ್‌ಮನ್ ಕಡೆ ಇಟ್ಟು ಮಾಡುವುದು ಇನ್ನೊಂದು. ಎರಡೂ ಬಹುಮಟ್ಟಿಗೆ ಸುರಕ್ಷಿತ. ಸೊಂಟ ಒಂದು ದಿಕ್ಕು, ಭುಜ ಇನ್ನೊಂದು ದಿಕ್ಕು ನೋಡುವ ಮಿಶ್ರ ಆಕ್ಷನ್ನೇ ಬೆನ್ನಿಗೆ ಹೆಚ್ಚು ಅಪಾಯ. ಬಲಗಾಲು ಕ್ರೀಸಿಗೆ ಸಮಾನಾಂತರವಾಗಿ ಊರಿ ಸೊಂಟ ಪಕ್ಕಕ್ಕಿರುತ್ತದೆ, ಎದೆ ಮಾತ್ರ ಬ್ಯಾಟ್ಸ್‌ಮನ್ ಕಡೆ ತೆರೆದಿರುತ್ತದೆ. ಅಲ್ಲಿಂದ ಚೆಂಡು ಬಿಡುವ ಮೊದಲು ಭುಜವನ್ನು ಹಿಂದಕ್ಕೆ ತಿರುಚಿ ಮತ್ತೆ ಮುಂದಕ್ಕೆ ತರಬೇಕು. ಆ ಹಿಂತಿರುಚು 30-40 ಡಿಗ್ರಿ ದಾಟಿದರೆ ಅಪಾಯ. ಅದೇ ಗಳಿಗೆಗೆ ಎಡಗಾಲು ನೆಲಕ್ಕೆ ಬಡಿಯುತ್ತದೆ, ದೇಹತೂಕದ ಐದು ಪಟ್ಟಿಗೂ ಹೆಚ್ಚು ಬಲ ಕಾಲಿನಿಂದ ಮೇಲೇರುತ್ತದೆ, ಬೆನ್ನು ಎಡಕ್ಕೆ ಬಾಗಿ ತಿರುಚಿಕೊಂಡಿರುತ್ತದೆ. ಬಲಗೈ ಬೌಲರ್‌ನ ನೋವು ಎಡಕ್ಕೇ ಬರುವುದು ಇದಕ್ಕೆ.

ಹುಡುಗ ಹುಷಾರಾದ ಮೇಲೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಆರು ಚೆಂಡು ಹಿಂದಿನಿಂದ, ಆರು ಚೆಂಡು ಎದುರಿನಿಂದ ಹಿಡಿಯಿರಿ. ಹಿಂದಿನಿಂದ ಹಿಡಿದದ್ದನ್ನು ಬಲಗಾಲು ಊರಿದ ಕ್ಷಣಕ್ಕೆ ನಿಲ್ಲಿಸಿ, ಎರಡು ಭುಜದ ಗೆರೆ ಮತ್ತು ಸೊಂಟದ ಗೆರೆ ಹೋಲಿಸಿ. ಎದುರಿನಿಂದ ಹಿಡಿದದ್ದನ್ನು ಚೆಂಡು ಬಿಡುವ ಕ್ಷಣಕ್ಕೆ ನಿಲ್ಲಿಸಿ ನೋಡಿ: ತಲೆ ಎಡಪಾದದ ಮೇಲಿದೆಯೇ, ಅದರಾಚೆಗೆ ಬಿದ್ದಿದೆಯೇ? ಗೆರೆಗಳು ಕೂಡಿದ್ದು ತಲೆಯೂ ನೆಟ್ಟಗಿದ್ದರೆ 'ಮುಟ್ಟಬ್ಯಾಡ್ರಿ' ಎಂದವರ ಮಾತು ಕೇಳಿ. ಗೆರೆಗಳು ಕತ್ತರಿಯಾಗಿದ್ದರೆ ಬದಲಿಸಲೇಬೇಕು. ಆದರೆ ಭುಜ ತಿದ್ದಲು ಹೋಗಬೇಡಿ, ಬಲಗಾಲು ತಿದ್ದಿ. ಪಾದವನ್ನು ಸ್ವಲ್ಪ ಬ್ಯಾಟ್ಸ್‌ಮನ್ ಕಡೆ ತಿರುಗಿಸಿ ಊರಿದರೆ ಸೊಂಟ ತಾನೇ ತೆರೆದುಕೊಂಡು ಭುಜದ ಜೊತೆ ಬರುತ್ತದೆ. ಮೊದಲು ನಿಂತಲ್ಲಿಂದ, ಆಮೇಲೆ ಮೂರು ಹೆಜ್ಜೆಯಿಂದ, ಆರು ವಾರದ ನಂತರ ಪೂರ್ತಿ ರನ್‌ಅಪ್. ಪಂದ್ಯಗಳ ನಡುವೆ ಇದನ್ನು ಮಾಡಿದರೆ ಹಳೆಯದೂ ಹೋಗಿ ಹೊಸದೂ ಬರದೆ ಹುಡುಗ ವೈಡ್ ಹಾಕುತ್ತ ನಿಲ್ಲುತ್ತಾನೆ. ವಿಡಿಯೊ ನೋಡಿ ಶ್ರೀನಾಥರ ಓಟ ಅನುಕರಿಸುವುದೂ ನಿಲ್ಲಲಿ. ಅವರ ಎತ್ತರಕ್ಕೆ, ಅವರ ಹೆಜ್ಜೆಗೆ ಹೊಂದಿದ ರನ್‌ಅಪ್ ಅದು. ನಿಮ್ಮ ಮಗನದನ್ನು ಅಳೆಯಬೇಕೆಂದರೆ ಕ್ರೀಸಿನಿಂದ ಹಿಂದಕ್ಕೆ ಓಡಿಸಿ, ಅವನಿಗೇ ಸಹಜವಾಗಿ ಜಿಗಿಯಬೇಕೆನಿಸಿದ ಜಾಗಕ್ಕೆ ಗುರುತು ಹಾಕಿ. ಹತ್ತು ಸಲ ಮಾಡಿ, ಗುರುತುಗಳು ಗುಂಪಾಗಿ ಬಿದ್ದಲ್ಲೇ ಅವನ ಅಳತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹಳ ವರ್ಷ ಪಾಲಿಸಿದ ಲೆಕ್ಕದಲ್ಲಿ 14-15ರ ವೇಗಿಗೆ ಒಂದು ಸ್ಪೆಲ್‌ಗೆ (ಸತತವಾಗಿ ಹಾಕುವ ಒಂದು ಸರದಿಗೆ) 6 ಓವರ್, ದಿನಕ್ಕೆ 12 ಓವರ್; ನೆಟ್ಸ್‌ನಲ್ಲಿ ಒಂದು ಸಲಕ್ಕೆ 36 ಚೆಂಡು, ವಾರಕ್ಕೆ ಎರಡು ಸಲ. ಎರಡು ದಿನಕ್ಕಿಂತ ಹೆಚ್ಚು ಬೆನ್ನುಬೆನ್ನಿಗೆ ಬೌಲಿಂಗ್ ಇಲ್ಲ, ಏಳು ದಿನದಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ಇಲ್ಲ. ನಮ್ಮ ಕಡೆ ಹುಡುಗನ ವಾರ ಹೇಗಿರುತ್ತದೆ? ಬೆಳಿಗ್ಗೆ ಅಕಾಡೆಮಿ ನೆಟ್ಸ್, ಸಂಜೆ ಓಣಿಯಲ್ಲಿ ಟೆನಿಸ್ ಬಾಲ್, ಶನಿವಾರ ಶಾಲೆಯ ಪಂದ್ಯ, ರವಿವಾರ ಯಾವುದೋ ಟೂರ್ನಮೆಂಟಿನಲ್ಲಿ ನಾಲ್ಕು ಪಂದ್ಯ. ಅಕಾಡೆಮಿಯವರಿಗೆ ಓಣಿಯ ಲೆಕ್ಕ ಗೊತ್ತಿಲ್ಲ, ಶಾಲೆಯವರಿಗೆ ಅಕಾಡೆಮಿಯ ಲೆಕ್ಕ ಗೊತ್ತಿಲ್ಲ. ಕೂಡಿಸುವವರು ಯಾರೂ ಇಲ್ಲ. ಆ ಕೆಲಸ ನಿಮ್ಮದು. ಒಂದು ನೋಟ್‌ಬುಕ್, ದಿನಕ್ಕೊಂದು ಸಾಲು: ತಾರೀಖು, ಎಷ್ಟು ಚೆಂಡು, ಯಾವ ಚೆಂಡು, ಎಲ್ಲಾದರೂ ನೋವೇ.

ಟೆನಿಸ್ ಬಾಲ್ ಹಗುರ, ಅದರಿಂದೇನು ಎಂದು ಬಹಳ ಜನ ಕೇಳುತ್ತಾರೆ. ಅದರ ತೂಕ 60 ಗ್ರಾಂ ಒಳಗೆ, ಲೆದರ್ ಬಾಲ್ 156ರಿಂದ 163 ಗ್ರಾಂ. ಭುಜಕ್ಕೆ ಹಗುರ, ಒಪ್ಪೋಣ. ಬೆನ್ನಿಗಲ್ಲ. ಎಡಗಾಲು ನೆಲಕ್ಕೆ ಬಡಿಯುವಾಗ ಕೈಯಲ್ಲಿ ಯಾವ ಚೆಂಡಿದೆ ಎಂದು ಸೊಂಟಕ್ಕೆ ತಿಳಿಯುವುದಿಲ್ಲ. ಅದರಲ್ಲೂ ಬೇಸಿಗೆಯ ಎರೆ ನೆಲ ಬಿರುಕುಬಿಟ್ಟು ಕಲ್ಲಾಗಿರುತ್ತದೆ, ಕಾಲಲ್ಲಿ ತೆಳು ಅಟ್ಟೆಯ ಬೂಟು. ಬೆನ್ನು ಕೆಡುವ ಕಾಲವೂ ಹೆಚ್ಚುಕಡಿಮೆ ಗೊತ್ತಾದದ್ದೇ: ಪರೀಕ್ಷೆಗೆಂದು ಫೆಬ್ರವರಿ-ಮಾರ್ಚ್‌ನಲ್ಲಿ ಚೆಂಡು ಮುಟ್ಟದೆ ಕೂತು, ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ ಸೇರಿ ದಿನಾ ನೂರು ಚೆಂಡು. ಬಿಡುವಿನ ನಂತರ ಮೊದಲ ವಾರ ಒಟ್ಟು 50-60 ಚೆಂಡು, ಆಮೇಲೆ ವಾರಕ್ಕೆ 10-15 ಚೆಂಡಷ್ಟೇ ಏರಿಸಿ. ಶಿಬಿರದವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಶ್ರೀನಾಥರಿಂದ ಬೌಲಿಂಗ್‌ನ ಕಸುಬು ಕಲಿಯುವುದಾದರೆ ವೇಗ ಬಿಟ್ಟು ಲೆಂತ್, ಅಂದರೆ ಚೆಂಡು ಪಿಚ್ ಮೇಲೆ ಬೀಳುವ ದೂರ, ನೋಡಿ. ಎತ್ತರದ ಕೈಯಿಂದ ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ನುಗ್ಗುವುದು ಅವರ ಸಹಜ ಚೆಂಡು. ಆರಂಭದ ವರ್ಷಗಳಲ್ಲಿ ಅವರು ಗಿಡ್ಡಗೆ ಹಾಕುತ್ತಿದ್ದರು: ಬ್ಯಾಟು ಹಾಯ್ದು ಹೋದ ಚೆಂಡು ಬಹಳ, ವಿಕೆಟ್ ಕಡಿಮೆ. ಲೆಂತ್ ಮುಂದಕ್ಕೆ ಬಂದಂತೆ ಅದೇ ಚೆಂಡು ಪ್ಯಾಡಿಗೂ ಸ್ಟಂಪಿಗೂ ಬಡಿಯತೊಡಗಿತು. ಒಳಕ್ಕೆ ಬರುವ ಚೆಂಡಿಗೆ ಬ್ಯಾಟ್ಸ್‌ಮನ್ ಹೊಂದಿಕೊಂಡ ಮೇಲೆ ಹೊರಕ್ಕೆ ಹೋಗುವ ಒಂದು ಚೆಂಡು ಬೇಕು. ಅವರು ಲೆಗ್ ಕಟರ್ ಸೇರಿಸಿಕೊಂಡರು. ಹೊಳಪಿನ ಮೈಯನ್ನು ಆಫ್ ಕಡೆಗಿಟ್ಟು ಸೀಮನ್ನು (ಚೆಂಡಿನ ಹೊಲಿಗೆಯನ್ನು) ಫೈನ್ ಲೆಗ್ ಕಡೆ ಓರೆ ಮಾಡಿದರೆ ಒಳಕ್ಕೆ ಬರುವ ಇನ್‌ಸ್ವಿಂಗ್. ಬಿಡುವಾಗ ಬೆರಳುಗಳು ಚೆಂಡಿನ ಎಡಮೈಯನ್ನು ಕೆಳಕ್ಕೆ ಕೊಯ್ದರೆ ಲೆಗ್ ಕಟರ್. ಎರಡಕ್ಕೂ ಓಟ ಒಂದೇ, ಕೈಯ ವೇಗವೂ ಒಂದೇ ಇರಬೇಕು.

ಗದಗ, ಹಾವೇರಿ ಕಡೆಯ ಹುಡುಗರಿಗೆ ಈ ಲೆಂತ್ ಪಾಠ ಹೆಚ್ಚು ಬೇಕು. ಕಾರಣ ಪಿಚ್ ಮೇಲೆ ಹಾಸುವ ಮ್ಯಾಟು. ನಾರಿನ ಮ್ಯಾಟಿನ ಮೇಲೆ ಗಿಡ್ಡ ಚೆಂಡು ಎದೆಗೆದ್ದು ಬರುತ್ತದೆ, ಬ್ಯಾಟ್ಸ್‌ಮನ್ ಹೆದರುತ್ತಾನೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಅದೇ ಹುಡುಗ ಹುಬ್ಬಳ್ಳಿ ರಾಜನಗರದ ಮೈದಾನದಲ್ಲಿ ಟರ್ಫ್ (ಹುಲ್ಲು-ಮಣ್ಣಿನ ಪಿಚ್) ಮೇಲೆ ಹಾಕಿದರೆ ಆ ಚೆಂಡು ಸೊಂಟದೆತ್ತರಕ್ಕೆ ನಿಧಾನವಾಗಿ ಬಂದು ಪುಲ್ ಶಾಟಿಗೆ ತುತ್ತಾಗುತ್ತದೆ. ಆಯ್ಕೆಯ ದಿನ ಒಂದೇ ಬಾರಿಗೆ ಇದು ಗೊತ್ತಾದರೆ ಕಷ್ಟ. ಮ್ಯಾಟಿನ ಮೇಲೂ ಬ್ಯಾಟ್ಸ್‌ಮನ್ ಸ್ಟಂಪಿನಿಂದ 5 ಮತ್ತು 6 ಮೀಟರಿಗೆ ಸುಣ್ಣದ ಎರಡು ಗೆರೆ ಎಳೆದು, ಆಫ್ ಸ್ಟಂಪ್ ನೇರಕ್ಕೆ ಆ ಪಟ್ಟಿಯೊಳಗೆ 36ಕ್ಕೆ ಎಷ್ಟು ಬಿದ್ದವು ಎಂದು ಬರೆಯಿರಿ. 12 ಬಿದ್ದರೆ ಶುರುವಿಗೆ ಸಾಕು. ವೇಗ ತಗ್ಗಿಸದೆ 20 ಮುಟ್ಟಿದರೆ ಅವನು ಬೌಲರ್.

ಊಟದ ಮಾತು. ತರಬೇತಿಯಲ್ಲಿರುವ ಹುಡುಗನಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನ್ ಬೇಕು, 50 ಕೆ.ಜಿ.ಗೆ 75 ಗ್ರಾಂ. ನಾಲ್ಕು ಜೋಳದ ರೊಟ್ಟಿಯಿಂದ 20ರಷ್ಟು, ಬೇಳೆ-ಮಡಕಿ-ಹೆಸರು ಸೇರಿ ಒಣತೂಕ ನೂರು ಗ್ರಾಂನಿಂದ 22-24, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಒಂದು ಹಿಡಿ ಶೇಂಗಾದಿಂದ 10. ಮಾಂಸ ಮುಟ್ಟದೆಯೇ ಲೆಕ್ಕ ಹತ್ತಿರಕ್ಕೆ ಬಂತು. ಕಾಳುಪಲ್ಲೆಯನ್ನು ಚಮಚದಲ್ಲಿ ಬಡಿಸಿ ಅನ್ನ ರಾಶಿ ಹಾಕಿದರೆ ಮಾತ್ರ ತಪ್ಪುತ್ತದೆ. ಬೆಳಿಗ್ಗೆ ಬರೀ ಚಹಾ ಕುಡಿದು ನೆಟ್ಸ್‌ಗೆ ಹೋಗುವ ಚಟವಿದ್ದರೆ ಬಿಡಿಸಿ. ಬಿರುಕು ಕೂಡಲು ವಿಟಮಿನ್ ಡಿ ಕೂಡ ಬೇಕು, ಆ ರಕ್ತಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿ.

ಬೆಂಗಳೂರು ಈಗ ಬೇಡ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯ ಇರುವುದೇ ನಿಮ್ಮಂಥವರಿಗಾಗಿ. ವಯೋಮಿತಿಯ ಆಯ್ಕೆಗಳಿಗೆ ದಾರಿ ಅಲ್ಲಿಂದಲೇ. ನೋಂದಾಯಿತ ಕ್ಲಬ್ ಒಂದರಲ್ಲಿ ಹೆಸರಿರಲಿ, ಜನನ ಪ್ರಮಾಣಪತ್ರ ಶಾಲಾ ದಾಖಲೆಗೆ ತಾಳೆಯಾಗಲಿ. 16ರೊಳಗಿನವರಿಗೆ ಮುಂಗೈ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಕಾಗದದಲ್ಲಿ ವರ್ಷ ಕಡಿಮೆ ತೋರಿಸುವ ಬುದ್ಧಿವಂತಿಕೆ ಅಲ್ಲಿ ನಡೆಯುವುದಿಲ್ಲ. ಬರುವ ವರ್ಷ ಎಸ್.ಎಸ್.ಎಲ್.ಸಿ.; ಬೆನ್ನಿಗೆ ಹೇಗೂ ವಿಶ್ರಾಂತಿ ಬೇಕು, ಎರಡೂ ಕೂಡಿ ಬರಲಿ. ನಿಮ್ಮೂರಿನ ಸುನಿಲ್ ಜೋಶಿಯವರು ಗದಗದಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ತಿರುಗಿ ಬಂದು ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ರನ್ನಿಗೆ 5 ವಿಕೆಟ್ ತೆಗೆದರು. ಹಾವೇರಿಯಾಚೆಯ ದಾವಣಗೆರೆಯಿಂದ ಬಂದ ವಿನಯ್ ಕುಮಾರ್ ಅಂಥ ವೇಗವೇ ಇಲ್ಲದೆ, ಬರೀ ಲೆಂತ್ ಮತ್ತು ಸೀಮಿನಿಂದ, ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದರು.

ಬೌಲಿಂಗ್ ಬಿಟ್ಟು ಕೂತ ತಿಂಗಳುಗಳಲ್ಲಿ ಹುಡುಗ ವಿಡಿಯೊ ನೋಡುವುದನ್ನಂತೂ ಬಿಡುವುದಿಲ್ಲ. ನೋಡಲಿ, ಆದರೆ ಆರಿಸಿ ನೋಡಲಿ. 1996ರ ನವೆಂಬರ್, ಅಹಮದಾಬಾದ್: ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು 170 ಬೇಕಿತ್ತು, 105ಕ್ಕೆ ಕುಸಿಯಿತು, ಶ್ರೀನಾಥ್ 21ಕ್ಕೆ 6. ಸ್ಪಿನ್ನರ್‌ಗಳಿಗೆಂದು ಇದ್ದ ಪಿಚ್ ಅದು. ಪ್ರತಿ ಚೆಂಡು ಎಲ್ಲಿ ಬಿತ್ತು ಎಂದು ಕಾಗದದ ಮೇಲೆ ಚುಕ್ಕಿ ಇಡಿಸಿ. 1999ರ ಫೆಬ್ರವರಿ, ಕೋಲ್ಕತ್ತ, ಪಾಕಿಸ್ತಾನ: ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8. ಒಟ್ಟು 13 ವಿಕೆಟ್ ತೆಗೆದರೂ ಭಾರತ 46 ರನ್‌ನಿಂದ ಸೋತಿತು. ಆಚೆ ತುದಿಯಲ್ಲಿ ಸಯೀದ್ ಅನ್ವರ್ ಔಟಾಗದೆ 188. ಅದಕ್ಕೂ ಎರಡು ವಾರದ ಹಿಂದಿನ ದೆಹಲಿ ಟೆಸ್ಟ್‌ನಲ್ಲಿ, ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಒಂಬತ್ತು ವಿಕೆಟ್ ತೆಗೆದು ಹತ್ತನೆಯದಕ್ಕೆ ಕಾಯುತ್ತಿದ್ದಾಗ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಹಾಕಿದ ಓವರ್ ಕೂಡ ಸಿಗುತ್ತದೆ. ವಿಕೆಟ್ ಬೀಳದಂತೆ ಬೌಲ್ ಮಾಡುವುದಕ್ಕೂ ಹಿಡಿತ ಬೇಕು.

ಕೊನೆಗೆ 2003ರ ಮಾರ್ಚ್ 23, ಜೊಹಾನ್ಸ್‌ಬರ್ಗ್. ಟೆಸ್ಟ್ ಬಿಟ್ಟ ಮೇಲೂ ಆ ವಿಶ್ವಕಪ್‌ಗೆಂದು ಉಳಿದು 16 ವಿಕೆಟ್ ತೆಗೆದಿದ್ದ ಶ್ರೀನಾಥ್ ಆಸ್ಟ್ರೇಲಿಯಾ ವಿರುದ್ಧದ ಫೈನಲ್‌ನಲ್ಲಿ 10 ಓವರಿಗೆ 87 ರನ್ ಕೊಟ್ಟರು, ವಿಕೆಟ್ ಇಲ್ಲ. ಅದೇ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯ. ಹುಡುಗರು ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ನಿಮ್ಮ ಮಗ ಹಾರಿಸದಿರಲಿ; ಪಾಂಟಿಂಗ್ ಹೊಡೆದ ಚೆಂಡುಗಳು ಎಲ್ಲಿ ಬಿದ್ದವು ಎಂದು ಅದಕ್ಕೂ ಚುಕ್ಕಿ ಇಟ್ಟು, ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಲಿ.